ಲಕ್ಕಿ ಡ್ರಾದ 71ನೇ ನಂಬರು

ನಮ್ಮ ಊರಲ್ಲಿ ಈಗ ಪವರ್‌ಪಾಯಿಂಟ್ ಇಲ್ಲದೆ ಒಂದು ಕಾರ್ಯಕ್ರಮವೂ ನಡೆಯುವುದಿಲ್ಲ. ಮಂಗಳೂರಿನ ಪುರಭವನ ಇರಲಿ, ಉಡುಪಿಯ ಯಾವುದೋ ಸಂಘದ ವಾರ್ಷಿಕೋತ್ಸವ ಇರಲಿ, ವೇದಿಕೆಯ ಒಂದು ಮೂಲೆಗೆ ಬಿಳಿ ಪರದೆ ಇಳಿದೇ ಇಳಿಯುತ್ತದೆ. ಸ್ವಾಗತಕ್ಕೆ ಒಂದು ಸ್ಲೈಡು, ದಾನಿಗಳ ಹೆಸರಿಗೆ ನಾಲ್ಕು. ಗುಲಾಬಿ ಹೂವೊಂದು ಗಿರಗಿರ ತಿರುಗಿ ಬಂದು ನಿಂತರೆ ಸಭೆಗೆ ಅಷ್ಟೇ ಖುಷಿ. ಇದೇ ಪವರ್‌ಪಾಯಿಂಟಿನೊಳಗೆ ಒಂದು ಪ್ರೋಗ್ರಾಮಿಂಗ್ ಭಾಷೆಯೂ ಇದೆ ಅಂದರೆ ಹೆಚ್ಚಿನವರು ನಂಬುವುದಿಲ್ಲ. ಆಲ್ಟ್ ಹಿಡಿದು ಎಫ್11 ಒತ್ತಿ ನೋಡಿ. ಹಳೇ ಕಾಲದ ಒಂದು ಕಿಟಕಿ ತೆರೆಯುತ್ತದೆ. ಅಲ್ಲಿ ಬರೆಯುವ ಭಾಷೆಯೇ ವಿಬಿಎ, ಅಂದರೆ ವಿಶುವಲ್ ಬೇಸಿಕ್ ಫಾರ್ ಅಪ್ಲಿಕೇಶನ್ಸ್. ಪವರ್‌ಪಾಯಿಂಟ್ 97ರಿಂದ ಅಲ್ಲೇ ಇದೆ, ಯಾರ ತಂಟೆಗೂ ಬಾರದೆ.

ಈ ವಿಷಯದಲ್ಲಿ ಎಕ್ಸೆಲ್‌ನವರಿಗೆ ಸುಖ ಜಾಸ್ತಿ. ರೆಕಾರ್ಡ್ ಒತ್ತಿ ಕೆಲಸವನ್ನು ಒಂದು ಸಲ ಮಾಡಿ ತೋರಿಸಿದರೆ ಸಾಕು, ಅದನ್ನೇ ಮತ್ತೆ ಮಾಡುವ ಪುಟ್ಟ ಪ್ರೋಗ್ರಾಂ, ಅಂದರೆ ಮ್ಯಾಕ್ರೋ, ತಾನಾಗಿಯೇ ತಯಾರಾಗುತ್ತದೆ. ಪವರ್‌ಪಾಯಿಂಟಿನಲ್ಲೂ ಈ ಸೌಕರ್ಯ 2003ರ ಆವೃತ್ತಿಯವರೆಗೆ ಇತ್ತು. 2007ರಲ್ಲಿ ತೆಗೆದುಬಿಟ್ಟರು. ಯಾಕೆ ಹೀಗೆ ಮಾಡಿದರೋ! ಈಗ ಏನಿದ್ದರೂ ಕೈಯಾರೆ ಬರೆಯಬೇಕು. ಹಾಗಾಗಿ ಒಂದು ಸಂಘಕ್ಕೆ ಮ್ಯಾಕ್ರೋ ಗೊತ್ತಿರುವ ಹುಡುಗ ಒಬ್ಬ ಸಿಕ್ಕಿದರೆ ದೊಡ್ಡದು. ಸಿಕ್ಕಿದವನಿಗೆ ಪ್ರೊಜೆಕ್ಟರಿನ ವಯರು ಜೋಡಿಸುವ ಕೆಲಸವೂ ಅಂಟಿಕೊಳ್ಳುತ್ತದೆ, ಅದು ಬೇರೆ.

ನಮ್ಮ ಭಾವನ ಮಗ ಅಂಥವನು. ಉಡುಪಿಯಲ್ಲಿ ಸಂಘದ ಕಾರ್ಯಕ್ರಮಕ್ಕೆ ನೂರು ಕೂಪನ್ ಮಾರಿದ್ದರು. ಲಕ್ಕಿ ಡ್ರಾ ಪರದೆಯ ಮೇಲೆಯೇ ಆಗಲಿ ಅಂತ ತೀರ್ಮಾನವಾಯಿತು. ಹುಡುಗ ಸ್ಲೈಡಿನ ನಡುವೆ ಒಂದು ಕೆಂಪು ಗುಂಡಿ ಬಿಡಿಸಿ, ಅದಕ್ಕೊಂದು ಮ್ಯಾಕ್ರೋ ಕಟ್ಟಿದ. ಹಿಂದಿನ ದಿನ ಸಂಜೆ ಹಾಲ್‌ನಲ್ಲಿ ಪ್ರಯೋಗ. ಖಜಾಂಚಿಯವರು ಮೌಸ್ ಹಿಡಿದು ಗುಂಡಿಯನ್ನು ಒತ್ತಿದ್ದೇ ಒತ್ತಿದ್ದು, ಏನೂ ಆಗಲಿಲ್ಲ. ಗುಂಡಿಯ ಸುತ್ತ ಒಂದು ಚೌಕಟ್ಟು ಮೂಡಿತು, ಅಷ್ಟೇ. ಆಗಬೇಕಾದದ್ದೂ ಹಾಗೆಯೇ. ಸ್ಲೈಡು ತಿದ್ದುವ ಹೊತ್ತಿನಲ್ಲಿ ಆ ಗುಂಡಿ ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚಿ ಕೂತ ವೇಷದ ಹಾಗೆ. ಎಷ್ಟು ಕರೆದರೂ ಕುಣಿಯುವುದಿಲ್ಲ. ಎಫ್5 ಒತ್ತಿ ಸ್ಲೈಡ್ ಶೋ ಶುರುವಾಗಬೇಕು, ರಂಗಸ್ಥಳಕ್ಕೆ ಬರಬೇಕು.

ಬಂತು. ಒತ್ತಿದರು. 71. ಮತ್ತೆ ಒತ್ತಿದರು, 54. ಆಮೇಲೆ 58, 29, 31. "ಲಾಯ್ಕ ಆಯ್ತು" ಅಂದರು ಎಲ್ಲರೂ. ಅಷ್ಟರಲ್ಲಿ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಮೊದಲೇ ಕೈಕೊಟ್ಟದ್ದು, ಅದೂ ಆರಿತು. ಕರೆಂಟು ಬಂದ ಮೇಲೆ ಮೊದಲಿನಿಂದ ಶುರು. 71. 54. 58.

ಖಜಾಂಚಿಯವರು ಕನ್ನಡಕ ಮೇಲೇರಿಸಿದರು. "ಎಂಥ ಮಾರಾಯ, ಇದು ಮೊದಲೇ ಬರೆದಿಟ್ಟದ್ದಾ?"

"ಇಲ್ಲ ಮಾವ, ಕಂಪ್ಯೂಟರೇ ಆರಿಸುವುದು."

"ಕಂಪ್ಯೂಟರಿಗೆ ಅಧ್ಯಕ್ಷರ ಪರಿಚಯ ಉಂಟಾ ಹಾಗಾದ್ರೆ?" 71ನೇ ಕೂಪನ್ ಅಧ್ಯಕ್ಷರ ಮನೆಯವರದ್ದು.

ಹುಡುಗ ಸುಳ್ಳು ಹೇಳಿರಲಿಲ್ಲ. ಆದರೆ ಕಂಪ್ಯೂಟರಿಗೆ ಕಣ್ಣು ಮುಚ್ಚಿ ಕೈ ಹಾಕಲು ಬರುವುದಿಲ್ಲ. ವಿಬಿಎಯಲ್ಲಿ ಆರ್‌ಎನ್‌ಡಿ ಅಂತ ಬರೆದರೆ ಅದು ಸೊನ್ನೆಗೂ ಒಂದಕ್ಕೂ ನಡುವಿನ ಒಂದು ಸಂಖ್ಯೆಯನ್ನು ಲೆಕ್ಕ ಹಾಕಿ ಕೊಡುತ್ತದೆ. ಎಲ್ಲಿಂದ ಶುರು ಮಾಡಬೇಕು ಅಂತ ಹೇಳದಿದ್ದರೆ ಪ್ರತಿ ಸಲವೂ ಒಂದೇ ಕಡೆಯಿಂದ ಶುರು ಮಾಡುತ್ತದೆ. ಮೊದಲು ಬರುವುದು 0.7055475. ನೂರರಿಂದ ಗುಣಿಸಿ, ದಶಾಂಶ ಬಿಟ್ಟು, ಒಂದು ಕೂಡಿಸಿ. 71 ಬಂತಲ್ವಾ? ಉಡುಪಿಯಲ್ಲಿ ಒತ್ತಿದರೂ ಅದೇ, ದುಬೈಯಲ್ಲಿ ಒತ್ತಿದರೂ ಅದೇ. ಮೇಲೊಂದು ಸಾಲಿನಲ್ಲಿ ರ‍್ಯಾಂಡಮೈಸ್ ಅಂತ ಬರೆದರೆ ಆ ಕ್ಷಣದ ಗಡಿಯಾರ ನೋಡಿ ಶುರು ಮಾಡುತ್ತದೆ. ಒಂದೇ ಒಂದು ಪದ. ಹುಡುಗ ಅಲ್ಲೇ ನಿಂತು ಸೇರಿಸಿದ. ಬಂದ ನಂಬರು ಮತ್ತೆ ಬಾರದ ಹಾಗೂ ಮಾಡಿದ. ಆದರೆ ಖಜಾಂಚಿಯವರ ಮುಖ ಸರಿಯಾಗಲಿಲ್ಲ.

ನನಗೆ ಅವರ ಸಂಶಯ ಹಿಡಿಸಿತು. ಗುಂಡಿ ಒತ್ತುವ ಕೈ ಎಲ್ಲರಿಗೂ ಕಾಣುತ್ತದೆ. ಅದರ ಹಿಂದೆ ಬರೆದದ್ದು ಏನು, ಬರೆದವರು ಯಾರು ಅಂತ ಕೇಳುವವರು ಕಮ್ಮಿ. 1999ರಲ್ಲಿ ಮೆಲಿಸ್ಸಾ ಅನ್ನುವ ವೈರಸ್ ಹರಡಿದ್ದೂ ಹಾಗೇ. ವರ್ಡ್ ಕಡತದಲ್ಲಿ ಅಡಗಿದ್ದ ಮ್ಯಾಕ್ರೋ ಅದು. ತೆರೆದವರ ವಿಳಾಸ ಪುಸ್ತಕದಿಂದ ಮೊದಲ 50 ಮಂದಿಗೆ ತನ್ನನ್ನು ತಾನೇ ಇಮೇಲ್ ಮಾಡಿಕೊಂಡಿತು. ಸ್ನೇಹಿತರೇ ಕಳಿಸಿದ್ದು ಅಂತ ಜನ ತೆರೆದರು.

ಅದಕ್ಕೇ ಈಗ ಇಷ್ಟೆಲ್ಲ ಕಟ್ಟುಪಾಡು. ಮ್ಯಾಕ್ರೋ ಇರುವ ಕಡತದ ಹೆಸರಿನ ಬಾಲ ಪಿಪಿಟಿಎಂ ಅಂತ ಇರಬೇಕು. ಪಿಪಿಟಿಎಕ್ಸ್ ಅಂತ ಉಳಿಸಿದರೆ ಸ್ಲೈಡು ಇರುತ್ತದೆ, ಗುಂಡಿಯೂ ಇರುತ್ತದೆ, ಮ್ಯಾಕ್ರೋ ಮಾತ್ರ ಇರುವುದಿಲ್ಲ. ಮೊಬೈಲಿನಲ್ಲಂತೂ ಓಡುವುದೇ ಇಲ್ಲ. 2022ರಿಂದ ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಕಡತದ ಮ್ಯಾಕ್ರೋವನ್ನು ಮೈಕ್ರೋಸಾಫ್ಟ್ ತಾನಾಗಿಯೇ ತಡೆಯುತ್ತದೆ, ಮೇಲೊಂದು ಕೆಂಪು ಪಟ್ಟಿ ತೋರಿಸುತ್ತದೆ. ಪ್ರಾಪರ್ಟೀಸ್‌ಗೆ ಹೋಗಿ ಅನ್‌ಬ್ಲಾಕ್ ಅಂತ ಗುರುತು ಹಾಕಿದರೇ ದಾರಿ. ಜನ ಇದನ್ನು ಬೈಯುತ್ತಾರೆ. ನಾನು ಕೆಂಪು ಪಟ್ಟಿಯ ಪಕ್ಷ. ಖಜಾಂಚಿ ಕೇಳಿದ ಪ್ರಶ್ನೆಯನ್ನೇ ಅದೂ ಕೇಳುತ್ತದೆ, ಸ್ವಲ್ಪ ಮರ್ಯಾದೆಯಿಂದ.

ಮರುದಿನ ಪರದೆಯ ಮೇಲೆ ನಂಬರುಗಳು ಚೆಂದವಾಗಿ ತಿರುಗಿದವು, ಹಿನ್ನೆಲೆಗೆ ಚೆಂಡೆಯ ಸದ್ದೂ ಇತ್ತು. ಆದರೆ ಬಹುಮಾನ ಹೋದದ್ದು ಅದರ ಪ್ರಕಾರ ಅಲ್ಲ. ಖಜಾಂಚಿಯವರು ಮನೆಯಿಂದ ಒಂದು ಸ್ಟೀಲ್ ಡಬ್ಬಿ ತಂದಿದ್ದರು. ಮುಂದಿನ ಸಾಲಿನಿಂದ ಒಂದು ಮಗುವನ್ನು ಕರೆದು ಚೀಟಿ ಎತ್ತಿಸಿದರು. ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಚೀಟಿ ಮಡಚಿದವರು ಯಾರು ಅಂತ ಒಬ್ಬರೂ ಕೇಳಲಿಲ್ಲ.