ಟೀಲ್ ಬ್ಲೂ ಅಂಡ್ ಸಿಲ್ವರ್ ಕಟ್ಟುವವರೇ, ಫ್ಲೈ ಒದ್ದೆ ಮಾಡಿ ಫೋಟೋ ತೆಗೆಯಿರಿ

ಕೈಯಾರೆ ಕಟ್ಟಿದ ಫ್ಲೈಗಳ (ಗಾಳದ ಕೊಕ್ಕೆಗೆ ಗರಿ, ದಾರ ಸುತ್ತಿ ಮಾಡುವ ಹುಸಿ ಎರೆ) ಫೋಟೋ ಹಾಕುವವರಲ್ಲಿ ಹೆಚ್ಚಿನವರು ಫ್ಲೈ ಒಣಗಿದ್ದಾಗಿನ ರೂಪವನ್ನೇ ತೋರಿಸುತ್ತಾರೆ. ಟೀಲ್ ಬ್ಲೂ ಅಂಡ್ ಸಿಲ್ವರ್‌ನಂಥ, ಸೀ ಟ್ರೌಟ್ (ಸಮುದ್ರಕ್ಕೆ ಹೋಗಿ ನದಿಗೆ ಮರಳುವ ಟ್ರೌಟ್ ಮೀನು) ಹಿಡಿಯುವ ಫ್ಲೈ ವಿಷಯದಲ್ಲಿ ಇದು ಸಾಲದು. ವೇಲ್ಸ್‌ನಲ್ಲಿ ಈ ಮೀನಿಗೆ ಸ್ಯೂಯಿನ್ ಅಂತಾರೆ. ಅಲ್ಲಿನ ಟವಿ, ಟೈವಿ ನದಿಗಳಲ್ಲಿ ಇದಕ್ಕೆ ಗಾಳ ಹಾಕುವುದು ಹೆಚ್ಚಾಗಿ ರಾತ್ರಿ. ಕತ್ತಲಲ್ಲಿ ಬಣ್ಣಕ್ಕಿಂತ ಆಕಾರ ಮುಖ್ಯ. ಆ ಆಕಾರ ಗೊತ್ತಾಗುವುದು ಗರಿ ನೀರು ಕುಡಿದ ಮೇಲೆ.

8ನೇ ನಂಬರಿನ ಕೊಕ್ಕೆ ತಗೊಳ್ಳಿ. ಅದರ ಕಣ್ಣಿನ (ಗಾಳದ ದಾರ ಕಟ್ಟುವ ತೂತು) ಹಿಂದೆ 2 ಮಿ.ಮೀ. ಖಾಲಿ ಬಿಟ್ಟು ಕಪ್ಪು ದಾರ ಸುತ್ತಿ. ಬಾಲಕ್ಕೆ ಗೋಲ್ಡನ್ ಫೆಸೆಂಟ್ ಹಕ್ಕಿಯ ಕತ್ತಿನ ಗರಿಯ ಎಂಟು ಎಳೆ ಸಾಕು. ದಾರದ ಸುತ್ತು ಒಂದೇ ಸಮ ಇರಲಿ. ಮೇಲೆ ಬರುವ ಚಪ್ಪಟೆ ಬೆಳ್ಳಿ ಟಿನ್ಸೆಲ್ (ಹೊಳೆಯುವ ತೆಳು ಪಟ್ಟಿ) ಒಂದು ಉಬ್ಬನ್ನೂ ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಟಿನ್ಸೆಲನ್ನು ಮುಂದಿನಿಂದ ಬಾಲದವರೆಗೆ ಸುತ್ತಿಕೊಂಡು ಹೋಗಿ, ಅದನ್ನೇ ವಾಪಸ್ ಮುಂದಕ್ಕೆ ತನ್ನಿ. ಹೀಗೆ ಮಾಡಿದರೆ ಬಾಲದ ಬುಡದಲ್ಲಿ ಗಂಟು ಕೂರುವುದಿಲ್ಲ. ಮೇಲೆ ಬೆಳ್ಳಿ ತಂತಿಯ ನಾಲ್ಕೈದು ಸುತ್ತು, ಗಂಟಲಿಗೆ ಒಂದು ಚಿಟಿಕೆ ನೀಲಿ ಹ್ಯಾಕಲ್ (ಕೋಳಿ ಗರಿಯ ಎಳೆ).

ಕೆಡುವುದು ರೆಕ್ಕೆಯಲ್ಲಿ. ದಾರ ಎಳೆದ ಕಡೆಗೇ ರೆಕ್ಕೆಗೆ ಇಡುವ ಟೀಲ್ ಬಾತಿನ ಗರಿ ಹೊರಳಿ ಆಚೆ ಬದಿಗೆ ಜಾರುತ್ತದೆ. ಗರಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಬಿಗಿಯಾಗಿ ಹಿಡಿದು, ಬೆರಳೊಳಗೇ ದಾರದ ಎರಡು ಸಡಿಲ ಕುಣಿಕೆ ಹಾಕಿ, ನೆಟ್ಟಗೆ ಕೆಳಕ್ಕೆ ಜಗ್ಗಿ. ಬಿಗಿಯಾಗುವ ತನಕ ಬೆರಳು ಬಿಡಬಾರದು. ಗರಿ ಕಡಿಮೆಯೇ ಇರಲಿ. ದಪ್ಪ ರೆಕ್ಕೆ ಒಣಗಿದ್ದಾಗ ಬಲು ಚೆಂದ, ನೀರಲ್ಲಿ ಮುದ್ದೆ.

ಈಗ ಕ್ಯಾಮೆರಾ. ನೇರ ಫ್ಲಾಶ್ ಬೇಡವೇ ಬೇಡ. ಟಿನ್ಸೆಲ್ ಕನ್ನಡಿಯಿದ್ದಂತೆ, ಎದುರಿಗಿದ್ದದ್ದನ್ನೇ ತೋರಿಸುತ್ತದೆ: ಕಪ್ಪು ಅಂಗಿ ಹಾಕಿ ನಿಂತರೆ ಬೆಳ್ಳಿ ಮೈ ಕಪ್ಪಾಗಿ ಬರುತ್ತದೆ. ಕಿಟಕಿ ಬೆಳಕಿಗೆ ಬಟರ್ ಪೇಪರ್ ಅಡ್ಡ ಹಿಡಿದು, ಈಚೆ ಬದಿಗೆ ಬಿಳಿ ರಟ್ಟು ನಿಲ್ಲಿಸಿ. ಹಿನ್ನೆಲೆ ಬೂದು ಬಣ್ಣದ್ದಿದ್ದರೆ ಟೀಲ್ ಗರಿಯ ಕಪ್ಪು ಬಿಳಿ ಗೆರೆ ಎರಡೂ ಉಳಿಯುತ್ತವೆ. ಟ್ರೈಪಾಡ್, ಐಎಸ್ಒ 100, ಎಫ್/11, 2 ಸೆಕೆಂಡ್ ಟೈಮರ್. ಫೋಕಸ್ ರೆಕ್ಕೆಯ ಬುಡಕ್ಕೆ.

ಇದೊಂದು ಫೋಟೋ. ಆಮೇಲೆ ಫ್ಲೈಯನ್ನು ನೀರಲ್ಲಿ ಅದ್ದಿ, ಒಂದು ಸಲ ಕೊಡವಿ, ಬೆಳಕು ಹಿಂದಿನಿಂದ ಬರುವ ಹಾಗೆ ಇನ್ನೊಂದು ತೆಗೆಯಿರಿ. ರೆಕ್ಕೆ ಮೈಗೆ ಒರಗಿ ಸಣ್ಣ ಮೀನಿನ ಹಾಗೆ ಕಂಡರೆ ಕಟ್ಟಿದ್ದು ಸರಿ. ಬೆನ್ನ ಮೇಲೆ ಗೂನು ಕಂಡರೆ ಬ್ಲೇಡಿನಿಂದ ರೆಕ್ಕೆ ಬಿಚ್ಚಿ, ಅರ್ಧ ಗರಿ ತೆಗೆದು ಮತ್ತೆ ಕಟ್ಟಿ. ಎರಡೂ ಫೋಟೋ ಅಕ್ಕಪಕ್ಕ ಹಾಕಿ, ನೋಡಿದವರೂ ಕಲಿಯಲಿ.