ಐದನೇ ಡೌನ್‌ನಲ್ಲಿ ಬಂದ ಗೆಲುವು ಯಾರದ್ದು?

ಅಮೆರಿಕದ ಕಾಲೇಜು ಫುಟ್‌ಬಾಲ್ ಋತುವಿನಲ್ಲಿ ರೆಫರಿಯ ತೀರ್ಪಿನ ಬಗ್ಗೆ ಅಭಿಮಾನಿಗಳು ಜಗಳವಾಡದ ಶನಿವಾರ ಸಿಗುವುದು ಕಷ್ಟ. ಇಲ್ಲಿ ನೆಲೆಸಿ, ಮಕ್ಕಳು ಓದುತ್ತಿರುವ ವಿಶ್ವವಿದ್ಯಾಲಯದ ತಂಡವನ್ನು ತಮ್ಮದೇ ತಂಡವೆಂದು ಭಾವಿಸಿಕೊಂಡಿರುವ ನಮ್ಮಂಥ ಕನ್ನಡಿಗರೂ ಆ ಜಗಳದಲ್ಲಿ ಹಿಂದೆ ಬಿದ್ದವರಲ್ಲ. ಆದರೆ ಈ ವಾದಗಳಲ್ಲಿ ಸ್ವಭಾವದಲ್ಲೇ ಬೇರೆಯಾದ ಎರಡು ತಪ್ಪುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗುತ್ತಿದೆ ಎಂದು ನನಗೆ ಬಹುಕಾಲದಿಂದ ಅನ್ನಿಸಿದೆ. ರೆಫರಿ ಕಣ್ಣಾರೆ ನೋಡಿ, ಕ್ಷಣಾರ್ಧದಲ್ಲಿ ನಿರ್ಧರಿಸುವಾಗ ಆಗುವ ತಪ್ಪು ಒಂದು. ನಿಯಮಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿರುವುದನ್ನು ಮರೆತೋ ಎಣಿಕೆ ತಪ್ಪಿಯೋ ಆಗುವ ತಪ್ಪು ಇನ್ನೊಂದು. ಮೊದಲನೆಯದನ್ನು ಎಷ್ಟೇ ನೋವಾದರೂ ಆಟದ ಭಾಗವೆಂದು ಸಹಿಸಿಕೊಳ್ಳಬೇಕು. ಎರಡನೆಯದನ್ನು ಪಂದ್ಯ ಮುಗಿದ ನಂತರವೂ ತಿದ್ದುವ ದಾರಿ ಇರಲೇಬೇಕು.

ಈ ಮಾತಿಗೆ 1990ರ ಅಕ್ಟೋಬರ್ 6ರಂದು ಮಿಸೌರಿಯ ಕೊಲಂಬಿಯಾದಲ್ಲಿ ನಡೆದ ಪಂದ್ಯಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಈ ಆಟದ ಪರಿಚಯವಿಲ್ಲದವರಿಗಾಗಿ ಒಂದು ಮಾತು: ಚೆಂಡು ಕೈಯಲ್ಲಿರುವ ತಂಡಕ್ಕೆ ಹತ್ತು ಗಜ ಮುಂದೆ ಸಾಗಲು, ಅಥವಾ ಎದುರಾಳಿಯ ಗೋಲ್ ಗೆರೆ ಹತ್ತಿರವಿದ್ದರೆ ಅದನ್ನು ದಾಟಲು, ನಾಲ್ಕು ಅವಕಾಶಗಳಿರುತ್ತವೆ. ಒಂದೊಂದು ಅವಕಾಶಕ್ಕೂ ಡೌನ್ ಎಂದು ಹೆಸರು. ಇಡೀ ಆಟ ನಿಂತಿರುವುದೇ ಈ ನಾಲ್ಕೆಂಬ ಸಂಖ್ಯೆಯ ಮೇಲೆ.

ಅಂದು ಆತಿಥೇಯ ಮಿಸೌರಿ ತಂಡ ಕೊಲೊರಾಡೋ ವಿರುದ್ಧ 31-27ರಿಂದ ಮುಂದಿತ್ತು. ಕೊನೆಯ ಅರ್ಧ ನಿಮಿಷದಲ್ಲಿ ಕೊಲೊರಾಡೋ ತಂಡ ಗೋಲ್ ಗೆರೆಯಿಂದ ಮೂರು ಗಜ ದೂರಕ್ಕೆ ಬಂದಿತು. ಗಾಯಗೊಂಡಿದ್ದ ಡೇರಿಯನ್ ಹೇಗನ್ ಬದಲಿಗೆ ಆಡುತ್ತಿದ್ದ ಕ್ವಾರ್ಟರ್‌ಬ್ಯಾಕ್ (ತಂಡದ ದಾಳಿಯನ್ನು ನಡೆಸುವ ಆಟಗಾರ) ಚಾರ್ಲ್ಸ್ ಜಾನ್ಸನ್ ಗಡಿಯಾರ ನಿಲ್ಲಿಸಲು ಚೆಂಡನ್ನು ನೆಲಕ್ಕೆ ಕುಕ್ಕಿದರು. ಅದು ಮೊದಲನೇ ಡೌನ್. ಎರಡನೆಯದರಲ್ಲಿ ಚೆಂಡು ಹಿಡಿದು ನುಗ್ಗಿದ ಎರಿಕ್ ಬಿಯನಿಮಿಯನ್ನು ಗೆರೆಯ ಹತ್ತಿರವೇ ತಡೆಯಲಾಯಿತು. ಹದಿನೆಂಟು ಸೆಕೆಂಡ್ ಉಳಿದಿದ್ದಾಗ ಕೊಲೊರಾಡೋ ಟೈಮ್‌ಔಟ್ ಕೇಳಿತು. ಆ ಬಿಡುವಿನಲ್ಲಿ ಮೈದಾನದ ಅಂಚಿನಲ್ಲಿ ಡೌನ್ ಸಂಖ್ಯೆ ತೋರಿಸುವ ಫಲಕವನ್ನು ಎರಡರಿಂದ ಮೂರಕ್ಕೆ ಬದಲಿಸಲು ಮರೆತುಹೋಯಿತು. ಬಿಯನಿಮಿ ಮತ್ತೆ ನುಗ್ಗಿದರು, ಮತ್ತೆ ತಡೆಯಲ್ಪಟ್ಟರು. ಅದು ಮೂರನೆಯದು, ಫಲಕದ ಪ್ರಕಾರ ಎರಡನೆಯದು. ಜಾನ್ಸನ್ ಮತ್ತೊಮ್ಮೆ ಗಡಿಯಾರ ನಿಲ್ಲಿಸಲು ಚೆಂಡನ್ನು ನೆಲಕ್ಕೆ ಕುಕ್ಕಿದಾಗ ಉಳಿದಿದ್ದು ಎರಡು ಸೆಕೆಂಡ್. ಅದು ನಾಲ್ಕನೆಯದು. ಕೊಲೊರಾಡೋದ ಅವಕಾಶ ಅಲ್ಲಿಗೆ ಮುಗಿದು ಚೆಂಡು ಮಿಸೌರಿಯ ಪಾಲಾಗಬೇಕಿತ್ತು. ಆದರೆ ಏಳು ಮಂದಿ ಅಧಿಕಾರಿಗಳ ಪೈಕಿ ಒಬ್ಬರೂ ಅದನ್ನು ಗಮನಿಸಲಿಲ್ಲ. ಐದನೇ ಬಾರಿ ಜಾನ್ಸನ್ ಸ್ವತಃ ಚೆಂಡು ಹಿಡಿದು ಗೆರೆಯತ್ತ ಬಿದ್ದರು, ಟಚ್‌ಡೌನ್ (ಗೆರೆ ದಾಟಿದ್ದಕ್ಕೆ ಸಿಗುವ ಆರು ಅಂಕ) ಎಂದು ತೀರ್ಪಾಯಿತು, ಪಂದ್ಯ 33-31ಕ್ಕೆ ಕೊಲೊರಾಡೋ ಪಾಲಾಯಿತು. ಜಾನ್ಸನ್ ಆ ಐದನೇ ಯತ್ನದಲ್ಲೂ ಗೆರೆ ದಾಟಿರಲಿಲ್ಲವೆಂದು ಮಿಸೌರಿಯವರು ಇಂದಿಗೂ ಹೇಳುತ್ತಾರೆ. ಅದು ನಿಜವೇ ಇರಬಹುದು, ಆದರೆ ನನ್ನ ವಾದ ಅದರ ಮೇಲೆ ನಿಂತಿಲ್ಲ. ಗೆರೆ ದಾಟಿದರೋ ಇಲ್ಲವೋ ಎಂಬುದು ಕಣ್ಣಿಗೆ ಬಿಟ್ಟ ವಿಷಯ. ನಾಲ್ಕರ ನಂತರ ಐದು ಬರುತ್ತದೆ ಎಂಬುದು ಯಾರ ಕಣ್ಣಿಗೂ ಬಿಟ್ಟ ವಿಷಯವಲ್ಲ.

ಮಿಸೌರಿ ವಿಶ್ವವಿದ್ಯಾಲಯ ದೂರು ಕೊಟ್ಟಿತು. ಎರಡೂ ತಂಡಗಳು ಸೇರಿದ್ದ ವಿಶ್ವವಿದ್ಯಾಲಯಗಳ ಕ್ರೀಡಾ ಒಕ್ಕೂಟವಾದ ಬಿಗ್ ಎಯ್ಟ್ ಕಾನ್ಫರೆನ್ಸ್ ಆ ಪಂದ್ಯದ ಅಧಿಕಾರಿಗಳನ್ನು ಅಮಾನತು ಮಾಡಿತು, ಆದರೆ ಪಂದ್ಯ ಮುಗಿದ ಬಳಿಕ ತಿದ್ದಬಹುದಾದ ತಪ್ಪು ಇದಲ್ಲವೆಂದು ಹೇಳಿ ಫಲಿತಾಂಶವನ್ನು ಹಾಗೆಯೇ ಉಳಿಸಿತು. ಕೊಲೊರಾಡೋ ಆ ಋತುವನ್ನು 11 ಗೆಲುವು, ಒಂದು ಸೋಲು, ಒಂದು ಡ್ರಾದೊಂದಿಗೆ ಮುಗಿಸಿ, ಪತ್ರಕರ್ತರು ಮತ ಹಾಕುವ ಎಪಿ ಸುದ್ದಿಸಂಸ್ಥೆಯ ಪಟ್ಟಿಯಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು. ತರಬೇತುದಾರರು ಮತ ಹಾಕುತ್ತಿದ್ದ ಯುಪಿಐ ಸುದ್ದಿಸಂಸ್ಥೆಯ ಪಟ್ಟಿಯಲ್ಲಿ ಒಂದೂ ಪಂದ್ಯ ಸೋಲದ ಜಾರ್ಜಿಯಾ ಟೆಕ್ ಒಂದೇ ಒಂದು ಅಂಕದ ಅಂತರದಿಂದ ಮೊದಲ ಸ್ಥಾನ ಪಡೆಯಿತು. ಎಣಿಕೆಯ ತಪ್ಪೊಂದು ಇಡೀ ದೇಶದ ಚಾಂಪಿಯನ್ ಯಾರೆಂಬ ಪ್ರಶ್ನೆಯವರೆಗೆ ಹೋಗಿ ಮುಟ್ಟಿತ್ತು. ಆದ್ದರಿಂದಲೇ ‘ಅದೊಂದು ಪಂದ್ಯ, ಬಿಟ್ಟುಬಿಡಿ’ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಇದಕ್ಕೂ ಐವತ್ತು ವರ್ಷಗಳ ಹಿಂದೆ ಇಂಥದೇ ತಪ್ಪು ನಡೆದು, ಬೇರೆಯದೇ ರೀತಿಯಲ್ಲಿ ಮುಗಿದಿತ್ತು. 1940ರ ನವೆಂಬರ್ 16ರಂದು ನ್ಯೂ ಹ್ಯಾಂಪ್‌ಶೈರ್‌ನ ಹ್ಯಾನೋವರ್‌ನಲ್ಲಿ ಡಾರ್ಟ್‌ಮತ್ ತಂಡ 3-0ಯಿಂದ ಮುಂದಿದ್ದಾಗ, ಅದುವರೆಗೆ ಸತತ ಹದಿನೆಂಟು ಪಂದ್ಯಗಳಲ್ಲಿ ಸೋಲು ಕಾಣದಿದ್ದ ಕಾರ್ನೆಲ್ ತಂಡ ಕೊನೆಯ ಕ್ಷಣದಲ್ಲಿ ಟಚ್‌ಡೌನ್ ಗಳಿಸಿ 7-3ರಿಂದ ಗೆದ್ದಿತು. ಪಂದ್ಯದ ಚಿತ್ರಸುರುಳಿಯನ್ನು ಪರಿಶೀಲಿಸಿದಾಗ ಆ ಟಚ್‌ಡೌನ್ ಬಂದದ್ದು ಐದನೇ ಡೌನ್‌ನಲ್ಲಿ ಎಂಬುದು ಖಚಿತವಾಯಿತು. ರೆಫರಿ ರೆಡ್ ಫ್ರೀಸೆಲ್ ತಮ್ಮ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡರು. ಫಲಿತಾಂಶ ಬದಲಿಸಬೇಕೆಂದು ಯಾವ ನಿಯಮವೂ ಒತ್ತಾಯಿಸದಿದ್ದರೂ ಕಾರ್ನೆಲ್‌ನವರು ಡಾರ್ಟ್‌ಮತ್‌ಗೆ ತಂತಿ ಕಳಿಸಿ ಗೆಲುವನ್ನು ಬಿಟ್ಟುಕೊಟ್ಟರು. ದಾಖಲೆಯಲ್ಲಿ ಇಂದಿಗೂ ಆ ಪಂದ್ಯ ಡಾರ್ಟ್‌ಮತ್ 3, ಕಾರ್ನೆಲ್ 0 ಎಂದೇ ಇದೆ.

ಈ ಎರಡು ಪ್ರಸಂಗಗಳನ್ನು ಅಕ್ಕಪಕ್ಕದಲ್ಲಿಟ್ಟು ‘ಕಾರ್ನೆಲ್‌ನವರು ದೊಡ್ಡವರು, ಕೊಲೊರಾಡೋದವರು ಸಣ್ಣವರು’ ಎಂದು ತೀರ್ಮಾನಿಸುವುದು ಅಭಿಮಾನಿಗಳ ಪೈಕಿ ವಾಡಿಕೆ. ಕಾರ್ನೆಲ್‌ನವರ ನಡೆಗೆ ನಾನು ತಲೆಬಾಗುತ್ತೇನೆ. ಆದರೆ ಕೊಲೊರಾಡೋ ಅಭಿಮಾನಿಗಳ ವಾದದಲ್ಲಿ ತೂಕವಿದೆ ಎಂಬುದನ್ನೂ ಒಪ್ಪಲೇಬೇಕು. ಆಟಗಾರರು ನಂಬಿ ಆಡಿದ್ದು ಮೈದಾನದ ಫಲಕವನ್ನು. ಅದು ಮೂರನೇ ಡೌನ್ ಎಂದು ತೋರಿಸುತ್ತಿದ್ದುದರಿಂದಲೇ ಜಾನ್ಸನ್ ಚೆಂಡನ್ನು ನೆಲಕ್ಕೆ ಕುಕ್ಕಿದರು; ನಾಲ್ಕನೆಯದೆಂದು ತಿಳಿದಿದ್ದರೆ ಆ ಅವಕಾಶವನ್ನು ಅವರು ಹಾಗೆ ಕಳೆದುಕೊಳ್ಳುತ್ತಿರಲಿಲ್ಲ, ಗೆರೆ ದಾಟಲು ಯತ್ನಿಸುತ್ತಿದ್ದರು. ಅಧಿಕಾರಿಗಳು ಕೊಟ್ಟ ತಪ್ಪು ಮಾಹಿತಿಗೆ ಆಟಗಾರರನ್ನು ಶಿಕ್ಷಿಸುವುದು ಎಷ್ಟು ಸರಿ ಎಂಬ ಪ್ರಶ್ನೆಗೆ ಸುಲಭವಾದ ಉತ್ತರವಿಲ್ಲ. ನನಗೆ ಕೊಲೊರಾಡೋ ಬಗ್ಗೆ ಬೇಸರವಾಗುವುದು ಅವರು ಗೆಲುವನ್ನು ಉಳಿಸಿಕೊಂಡರು ಎಂಬ ಕಾರಣಕ್ಕಲ್ಲ. ಸ್ವತಃ ಮಿಸೌರಿಯಲ್ಲೇ ಓದಿ ಆಡಿದ್ದ ಅವರ ತರಬೇತುದಾರ ಬಿಲ್ ಮ್ಯಾಕಾರ್ಟ್ನಿ, ಪಂದ್ಯದ ನಂತರ ತಪ್ಪಿನ ಮಾತು ಬಿಟ್ಟು, ಕಾಲು ಜಾರುತ್ತಿದ್ದ ಮೈದಾನವನ್ನೇ ದೂರಿದರು. ಆ ಬಗ್ಗೆ ಅವರು ಪಶ್ಚಾತ್ತಾಪ ವ್ಯಕ್ತಪಡಿಸಿದ್ದು ಹಲವು ವರ್ಷಗಳ ನಂತರ, 1998ರಲ್ಲಿ.

ಗೆದ್ದವರ ಒಳ್ಳೆಯತನವನ್ನು ನಂಬಿಕೊಂಡು ನ್ಯಾಯ ಕೂರಬಾರದು ಎಂಬುದೇ ನನ್ನ ಮುಖ್ಯ ಆಕ್ಷೇಪ. ಕಾರ್ನೆಲ್‌ನಂಥವರು ಎದುರಾಳಿಯಾಗಿ ಸಿಕ್ಕರೆ ನ್ಯಾಯ, ಇಲ್ಲದಿದ್ದರೆ ಇಲ್ಲ ಎಂಬಂಥ ವ್ಯವಸ್ಥೆಯನ್ನು ವ್ಯವಸ್ಥೆ ಎನ್ನಲಾಗದು.

ಹಾಗೆಂದು ಪ್ರತಿಯೊಂದು ತಪ್ಪು ತೀರ್ಪನ್ನೂ ಮತ್ತೆ ತೆರೆಯಬೇಕೆಂದು ನಾನು ಹೇಳುತ್ತಿಲ್ಲ. 2003ರ ಜನವರಿ 3ರ ಫಿಯೆಸ್ಟಾ ಬೌಲ್ ಎಂಬ ಚಾಂಪಿಯನ್‌ಶಿಪ್ ಪಂದ್ಯದಲ್ಲಿ, ಸತತ 34 ಪಂದ್ಯ ಗೆದ್ದಿದ್ದ ಮಯಾಮಿ ತಂಡ ಚಾಂಪಿಯನ್ ಆಯಿತೆಂದು ಸಂಭ್ರಮ ಶುರುವಾದ ಮೇಲೆ ಪಾಸ್ ಹಿಡಿಯಲು ಹೊರಟವನನ್ನು ತಡೆದ ಫೌಲಿಗಾಗಿ ತಡವಾಗಿ ಅಧಿಕಾರಿಯ ಹಳದಿ ಬಟ್ಟೆ ಬಿತ್ತು, ಓಹಾಯೊ ಸ್ಟೇಟ್ ಮರುಜೀವ ಪಡೆದು ಎರಡನೇ ಹೆಚ್ಚುವರಿ ಅವಧಿಯಲ್ಲಿ 31-24ರಿಂದ ಗೆದ್ದಿತು. 2016ರಲ್ಲಿ ಅದೇ ಓಹಾಯೊ ಸ್ಟೇಟ್ ಮಿಷಿಗನ್ ವಿರುದ್ಧ 30-27ರಿಂದ ಗೆದ್ದ ಪಂದ್ಯದಲ್ಲಿ ಜೆ. ಟಿ. ಬ್ಯಾರೆಟ್ ನಾಲ್ಕನೇ ಡೌನ್‌ನಲ್ಲಿ ಬೇಕಾದ ಒಂದು ಗಜ ದಾಟಿದರೋ ಇಲ್ಲವೋ ಎಂಬ ವಾದ ಎರಡೂ ಊರುಗಳಲ್ಲಿ ಇನ್ನೂ ಮುಗಿದಿಲ್ಲ. ಒಂದೇ ದೃಶ್ಯವನ್ನು ನೋಡಿ ಇಬ್ಬರು ಪ್ರಾಮಾಣಿಕರು ಎರಡು ಬೇರೆ ತೀರ್ಮಾನಕ್ಕೆ ಬರಬಹುದಾದ ಇಂಥ ಕಡೆ ಯಾರೋ ಒಬ್ಬರ ಮಾತು ಕೊನೆಯದಾಗಲೇಬೇಕು. 2008ರ ಸಿಡ್ನಿ ಟೆಸ್ಟ್‌ನಲ್ಲಿ ದ್ರಾವಿಡ್‌ಗೆ ಕೊಟ್ಟ ಔಟ್ ನಮಗೆ ಇನ್ನೂ ಚುಚ್ಚುತ್ತದೆ, ಆದರೆ ನಾಯಕ ಕುಂಬ್ಳೆಯವರಾಗಲಿ ನಾವಾಗಲಿ ಆ ಫಲಿತಾಂಶವನ್ನೇ ಬದಲಿಸಿ ಎಂದು ಕೇಳಲಿಲ್ಲ. 2019ರ ವಿಶ್ವಕಪ್ ಫೈನಲ್‌ನಲ್ಲಿ ಸ್ಟೋಕ್ಸ್ ಬ್ಯಾಟಿಗೆ ತಾಗಿ ಬೌಂಡರಿಗೆ ಹೋದ ಚೆಂಡಿಗೆ ಐದರ ಬದಲು ಆರು ರನ್ ಕೊಟ್ಟದ್ದು ಬೇರೆ ಜಾತಿಯ ತಪ್ಪು. ಅಲ್ಲಿ ಮುರಿದದ್ದು ನಿಯಮ.

ಐದನೇ ಡೌನ್ ಹಳೆಯ ಕಾಲದ ಕಥೆ, ಈಗ ವಿಡಿಯೊ ಪರಿಶೀಲನೆ ಇದೆ ಎನ್ನುವವರಿಗೆ 2016ರ ಸೆಪ್ಟೆಂಬರ್ 10ರ ಪಂದ್ಯವನ್ನು ನೆನಪಿಸುತ್ತೇನೆ. ಓಕ್ಲಹೋಮಾ ಸ್ಟೇಟ್ ತಂಡ ಸೆಂಟ್ರಲ್ ಮಿಷಿಗನ್ ವಿರುದ್ಧ 27-24ರಿಂದ ಮುಂದಿತ್ತು. ಸಮಯ ಕಳೆಯಲೆಂದು ಕ್ವಾರ್ಟರ್‌ಬ್ಯಾಕ್ ಮೇಸನ್ ರುಡಾಲ್ಫ್ ನಾಲ್ಕನೇ ಡೌನ್‌ನಲ್ಲಿ ಚೆಂಡನ್ನು ದೂರ ಎಸೆದರು, ಗಡಿಯಾರ ಸೊನ್ನೆಗೆ ಬಂತು. ಯಾರೂ ಇಲ್ಲದ ಕಡೆ ಬೇಕೆಂದೇ ಎಸೆದುದಕ್ಕೆ ಫೌಲ್ ಕೊಟ್ಟದ್ದು ಸರಿಯೇ. ಆದರೆ ಡೌನ್ ಕಳೆದುಕೊಳ್ಳುವ ದಂಡವಿರುವ ಫೌಲಿನ ಕಾರಣಕ್ಕೆ ಪಂದ್ಯವನ್ನು ವಿಸ್ತರಿಸುವಂತಿಲ್ಲವೆಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಅಧಿಕಾರಿಗಳು ವಿಸ್ತರಿಸಿದರು. ಆ ಒಂದು ಹೆಚ್ಚುವರಿ ಅವಕಾಶದಲ್ಲಿ ಕೂಪರ್ ರಷ್ ದೂರಕ್ಕೆ ಎಸೆದ ಚೆಂಡನ್ನು ಹಿಡಿದ ಜೆಸ್ಸಿ ಕ್ರೋಲ್ ಅದನ್ನು ಕೋರಿ ವಿಲಿಸ್‌ಗೆ ದಾಟಿಸಿದರು, ವಿಲಿಸ್ ಗೆರೆ ದಾಟಿದರು, ಸೆಂಟ್ರಲ್ ಮಿಷಿಗನ್ 30-27ರಿಂದ ಗೆದ್ದಿತು. ನಿಯಮ ತಪ್ಪಾಗಿ ಅನ್ವಯವಾಯಿತೆಂದು ರೆಫರಿ ಒಪ್ಪಿಕೊಂಡರು, ಸಂಬಂಧಪಟ್ಟ ಎರಡೂ ಕಾನ್ಫರೆನ್ಸ್‌ಗಳು ಅಧಿಕಾರಿಗಳನ್ನು ಎರಡು ಪಂದ್ಯಗಳಿಗೆ ಅಮಾನತು ಮಾಡಿದವು. ಫಲಿತಾಂಶ ಮಾತ್ರ ಅಲುಗಲಿಲ್ಲ. ಇಲ್ಲಿ ಕೊಲೊರಾಡೋ ಪ್ರಸಂಗದಲ್ಲಿದ್ದಂಥ ತೊಡಕು ಒಂದೂ ಇರಲಿಲ್ಲ. ಪಂದ್ಯ ಮುಗಿದಿತ್ತು, ಮುಗಿದ ಮೇಲೆ ಇನ್ನೊಂದು ಆಟ ಆಡಿಸಲಾಗಿತ್ತು, ಅಷ್ಟೇ.

ಇದಕ್ಕೆಲ್ಲ ಕಾರಣ ನಿಯಮಪುಸ್ತಕದ ಆರಂಭದಲ್ಲೇ ಇರುವ ಒಂದು ಸಾಲು: ಪಂದ್ಯ ಮುಗಿಯಿತೆಂದು ರೆಫರಿ ಘೋಷಿಸಿದ ಮೇಲೆ ಅಂಕಗಳು ಅಂತಿಮ. ಈ ಸಾಲಿನ ಉದ್ದೇಶ ನನಗೆ ಅರ್ಥವಾಗುತ್ತದೆ. ಪ್ರತಿ ಭಾನುವಾರವೂ ವಕೀಲರು ಅಂಕಪಟ್ಟಿ ಬರೆಯುವಂತಾಗಬಾರದು. ಆದರೆ ಅಂತಿಮತೆಯನ್ನು ಗೌರವಿಸುತ್ತಲೇ ಎಣಿಕೆಯ ತಪ್ಪನ್ನು ತಿದ್ದಬಹುದೆಂದು ಇದೇ ದೇಶದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ತೋರಿಸಿದೆ. 2007ರ ಡಿಸೆಂಬರ್ 19ರಂದು ಅಟ್ಲಾಂಟದಲ್ಲಿ ಮಯಾಮಿ ಹೀಟ್‌ನ ಶಕೀಲ್ ಓ’ನೀಲ್ ಐದು ಫೌಲ್ ಮಾಡಿದ್ದಾಗ ಲೆಕ್ಕ ಬರೆಯುವವರು ಆರು ಎಂದು ಬರೆದು ಅವರನ್ನು ಹೊರಗೆ ಕಳಿಸಿದರು. ಎನ್‌ಬಿಎ ಮುಖ್ಯಸ್ಥ ಡೇವಿಡ್ ಸ್ಟರ್ನ್ ದೂರನ್ನು ಎತ್ತಿಹಿಡಿದು, ತಪ್ಪು ನಡೆದ ಹಂತದಿಂದ ಉಳಿದ 51.9 ಸೆಕೆಂಡುಗಳನ್ನು ಮತ್ತೆ ಆಡಿಸಬೇಕೆಂದು ಆದೇಶಿಸಿದರು. 2008ರ ಮಾರ್ಚ್ 8ರಂದು ಅದನ್ನು ಆಡಿಸುವ ವೇಳೆಗೆ ಓ’ನೀಲ್ ಬೇರೆ ತಂಡಕ್ಕೆ ಹೋಗಿಯಾಗಿತ್ತು, ಗೆದ್ದದ್ದೂ ಅಟ್ಲಾಂಟವೇ. ಆದರೂ ಆ 51.9 ಸೆಕೆಂಡುಗಳು ವ್ಯರ್ಥವೆಂದು ನನಗೆ ಅನ್ನಿಸುವುದಿಲ್ಲ, ಏಕೆಂದರೆ ಆ ಗೆಲುವಿನ ಬಗ್ಗೆ ಈಗ ಯಾರೂ ಬೆರಳು ತೋರಿಸುವಂತಿಲ್ಲ.

ಸರಿಯಾದ ದಾರಿ ಇಲ್ಲದಿದ್ದಾಗ ಜನ ತಪ್ಪು ದಾರಿ ಹುಡುಕುತ್ತಾರೆ. 2024ರ ಅಕ್ಟೋಬರ್ 19ರಂದು ಆಸ್ಟಿನ್‌ನಲ್ಲಿ ಜಾರ್ಜಿಯಾ ವಿರುದ್ಧದ ಪಂದ್ಯದಲ್ಲಿ ಟೆಕ್ಸಸ್ ಆಟಗಾರ ಜಾಡೇ ಬ್ಯಾರನ್ ಹಿಡಿದ ಚೆಂಡನ್ನು ಫೌಲ್ ಎಂದು ರದ್ದು ಮಾಡಿದಾಗ ಪ್ರೇಕ್ಷಕರು ಮೈದಾನಕ್ಕೆ ಬಾಟಲಿಗಳನ್ನು ಎಸೆದರು. ಅವನ್ನು ಹೆಕ್ಕಿ ತೆಗೆಯುವ ಬಿಡುವಿನಲ್ಲಿ ಅಧಿಕಾರಿಗಳು ಮತ್ತೆ ಚರ್ಚಿಸಿ ಫೌಲನ್ನು ಹಿಂತೆಗೆದುಕೊಂಡರು. ಟೆಕ್ಸಸ್‌ಗೆ ಎರಡೂವರೆ ಲಕ್ಷ ಡಾಲರ್ ದಂಡ ಬಿತ್ತು. ಹಿಂತೆಗೆದುಕೊಂಡದ್ದು ಸರಿಯಾದ ತೀರ್ಮಾನವೆಂದೇ ಬಹಳ ಮಂದಿ ಹೇಳುತ್ತಾರೆ, ಆದರೆ ಬಾಟಲಿ ಎಸೆದರೆ ತೀರ್ಪು ಬದಲಾಗುತ್ತದೆ ಎಂದು ಒಂದು ಕ್ರೀಡಾಂಗಣದಷ್ಟು ಜನಕ್ಕೆ ಅನ್ನಿಸುವಂತೆ ಮಾಡಿದ್ದು ಅಪಾಯಕಾರಿ.

ನಾನು ಕೇಳುವುದು ಬಹಳ ಸಣ್ಣ ಬದಲಾವಣೆ. ಡೌನ್‌ಗಳ ಎಣಿಕೆ, ಗಡಿಯಾರ, ಪಂದ್ಯದ ವಿಸ್ತರಣೆ, ಇಷ್ಟರಲ್ಲಿ ಮಾತ್ರ, ನಿಯಮ ಮುರಿದದ್ದು ನಿರ್ವಿವಾದವಾಗಿದ್ದು ಅದು ಪಂದ್ಯದ ಕೊನೆಯ ಡೌನ್‌ಗಳ ಸರಣಿಯಲ್ಲಿ ನಡೆದಿದ್ದರೆ ಮಾತ್ರ, ಸೋತ ತಂಡ ಒಂದು ದಿನದೊಳಗೆ ದೂರು ಕೊಡಲು ಅವಕಾಶವಿರಲಿ. ಸೆಂಟ್ರಲ್ ಮಿಷಿಗನ್ ಪ್ರಸಂಗದಂತೆ ಪಂದ್ಯ ನಿಜವಾಗಿ ಮುಗಿದಿದ್ದರೆ ಆಗಿನ ಅಂಕಗಳೇ ನಿಲ್ಲಲಿ. 1990ರಂತೆ ತಪ್ಪು ಫಲಕದಿಂದ ಎರಡೂ ತಂಡಗಳು ದಾರಿ ತಪ್ಪಿದ್ದರೆ, ಫಲಕ ತಪ್ಪಿದ ಹಂತದಿಂದ, ಅಂದರೆ ಮೂರನೇ ಡೌನ್‌ನಿಂದ, ಉಳಿದ ಸೆಕೆಂಡುಗಳನ್ನು ಮತ್ತೆ ಆಡಿಸಲಿ. ಆಗ ಕೊಲೊರಾಡೋಗೂ ಅನ್ಯಾಯವಾಗುವುದಿಲ್ಲ. ಋತುವಿನ ವೇಳಾಪಟ್ಟಿ ಬಿಗಿಯಾಗಿದೆ, ತಂಡಗಳು ಮತ್ತೆ ಸೇರುವುದು ಕಷ್ಟ ಎಂಬ ಆಕ್ಷೇಪ ನಿಜ. ಆದರೆ ಇದೇ ಕಾನ್ಫರೆನ್ಸ್‌ಗಳು ಟಿವಿ ಪ್ರಸಾರದ ಹಣಕ್ಕಾಗಿ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳನ್ನು ನ್ಯೂ ಜೆರ್ಸಿಯವರೆಗೆ ಆಡಲು ಕಳಿಸುತ್ತಿವೆ. ಅದಕ್ಕೆ ವಿಮಾನ ಸಿಗುವುದಾದರೆ, ಹದಿನೆಂಟು ಸೆಕೆಂಡಿನ ನ್ಯಾಯಕ್ಕೂ ಸಿಗಬೇಕು.