ಟೊಮ್ಯಾಟೊ ಸಸಿಯೂ ಮಾವನ ಪೌಡರ್ ಡಬ್ಬಿಯೂ

ತಾರಸಿಯ ಟ್ರೇಯಲ್ಲಿ ನಿನ್ನೆ ತಲೆ ಎತ್ತಿ ನಿಂತಿದ್ದ ಟೊಮ್ಯಾಟೊ ಸಸಿಗಳು ಬೆಳಗಾಗುವಷ್ಟರಲ್ಲಿ ಸಾಲಾಗಿ ಮಲಗಿದ್ದವು. ಎಲೆ ಇನ್ನೂ ಹಸಿರೇ. ಆದರೆ ಮಣ್ಣಿಗೆ ತಾಗುವ ಕಡೆ ಕಾಂಡ ಕಂದಾಗಿ, ಮೆತ್ತಗಾಗಿ, ದಾರದಷ್ಟು ಸಣ್ಣಗಾಗಿತ್ತು.

ಅತ್ತೆ “ದೃಷ್ಟಿ ತಾಗಿದೆ” ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಮಾವ “ಪಾಪ, ಬಾಯಾರಿರಬೇಕು” ಎಂದು ಇನ್ನೊಂದು ಚೊಂಬು ನೀರು ಸುರಿದರು.

ಕೋಲಾರದ ಕಡೆ ತೋಟ ಮಾಡುವ ತಮ್ಮನಿಗೆ ಫೋಟೊ ಕಳಿಸಿದೆ. ತಕ್ಷಣ ಫೋನ್ ಬಂತು. “ಅಕ್ಕಾ, ಇದು ಸಸಿ ಕೊಳೆ ರೋಗ. ನೀರು ಯಾರು ಹಾಕ್ತಾರೆ?”

ವಿಚಾರಣೆ ಶುರುವಾಯಿತು. ಬೆಳಿಗ್ಗೆ ನಾನು. ತುಳಸಿ ಪೂಜೆಯಾದ ಮೇಲೆ ಉಳಿದ ನೀರು ಅತ್ತೆಯದು. ವಾಕಿಂಗ್ ಮುಗಿಸಿ ಒಮ್ಮೆ, ಕಾಫಿ ಕುಡಿದು ಇನ್ನೊಮ್ಮೆ ಮಾವ. ನಮ್ಮ ಯಜಮಾನರು ಮಾತ್ರ ನಿರಪರಾಧಿ. ಅವರು ಕಾಫಿ ಕುಡಿದ ಲೋಟಕ್ಕೂ ನೀರು ಹಾಕುವವರಲ್ಲ!

ಈ ರೋಗ ತರುವ ಪೈಥಿಯಂ ಎಂಬ ಸೂಕ್ಷ್ಮಜೀವಿಗೆ ಇಂಥ ಮನೆಯೇ ಬೇಕು. ಎಲ್ಲರೂ ಅದನ್ನು ಶಿಲೀಂಧ್ರ ಅಂತಾರೆ, ಅಸಲಿಗೆ ಅದು ಕಂದು ಪಾಚಿಯ ದೂರದ ನೆಂಟ. ಮಣ್ಣಲ್ಲಿ ನೀರು ನಿಂತರೆ ಅದರ ಬೀಜಕಣಗಳು ಈಜಿಕೊಂಡೇ ಬೇರಿಗೆ ಹೋಗುತ್ತವೆ. ನಾವೆಲ್ಲ ಸೇರಿ ಅವಕ್ಕೆ ಪುಕ್ಕಟೆ ಈಜುಕೊಳ ಕಟ್ಟಿಕೊಟ್ಟಿದ್ದೆವು. ಸಾಲದ್ದಕ್ಕೆ ಅತ್ತೆಯ ಕೈ ಧಾರಾಳ, ಬೀಜ ಒತ್ತೊತ್ತಾಗಿ ಬಿದ್ದಿತ್ತು. ಗಾಳಿ ಆಡಲು ಜಾಗವೇ ಇಲ್ಲ. ಎಷ್ಟೋ ಬೀಜ ಮೇಲೆ ಬರುವ ಮುಂಚೆಯೇ ಕೊಳೆತಿರುತ್ತವಂತೆ. ಆಗ ನಾವು ಬೀಜದಂಗಡಿಯವನನ್ನು ಬೈದು ಸುಮ್ಮನಾಗುತ್ತೇವೆ, ಅಲ್ವಾ?

ತಮ್ಮ ಮದ್ದು ಹೇಳಿದ. ಉಳಿದ ಸಸಿಗಳ ಬುಡಕ್ಕೆ ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಎಂಬ ತಾಮ್ರದ ಔಷಧಿ. ಹೊಸದಾಗಿ ಬಿತ್ತುವಾಗ ಕೆಜಿ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಪುಡಿ. ನಮ್ಮ ಹತ್ತಿರ ಇದ್ದದ್ದು ಒಂದು ಚಿಟಿಕೆ ಬೀಜ, ಲೆಕ್ಕ ಹಾಕಲು ಅಕ್ಕಸಾಲಿಗನ ತಕ್ಕಡಿಯೇ ಬೇಕು. “ಎರಡನ್ನೂ ಒಟ್ಟಿಗೆ ಬೆರೆಸ್ಬೇಡ. ಟ್ರೈಕೋಡರ್ಮಾ ಜೀವ ಇರೋ ಒಳ್ಳೆ ಶಿಲೀಂಧ್ರ, ತಾಮ್ರ ಅದಕ್ಕೂ ಪೆಟ್ಟು ಕೊಡುತ್ತೆ” ಎಂದೂ ಎಚ್ಚರಿಸಿದ.

ಟ್ರೈಕೋಡರ್ಮಾ ಪೊಟ್ಟಣ ಹರಿದಿತ್ತು. ನಿರಪರಾಧಿ ಯಜಮಾನರು ಅಪರೂಪಕ್ಕೆ ಒಂದು ಕೆಲಸ ಮಾಡಿದರು. ಪುಡಿಯನ್ನು ಖಾಲಿ ಪೌಡರ್ ಡಬ್ಬಿಗೆ ತುಂಬಿ, ಬಚ್ಚಲುಮನೆಯ ಕಿಟಕಿಯಲ್ಲಿಟ್ಟರು.

ಮಾವ ಸ್ನಾನ ಮುಗಿಸಿ ಬಂದರು. ಕುತ್ತಿಗೆ, ಕಂಕುಳು ಎಲ್ಲ ಬೆಳ್ಳಗೆ. “ವಾಸನೆ ಮಣ್ಣು ಮಣ್ಣು. ಆದ್ರೆ ತಂಪಾಗಿದೆ ಕಣಮ್ಮ.”

ಗಾಬರಿಯಿಂದ ಮತ್ತೆ ತಮ್ಮನಿಗೆ ಫೋನ್ ಮಾಡಿದೆ. ಅವನು ನಕ್ಕು ನಕ್ಕು ಸುಸ್ತಾಗಿ ಹೇಳಿದ: “ಅದನ್ನ ಟಾಲ್ಕ್ ಪುಡೀಲೇ ಬೆರೆಸಿರ್ತಾರೆ ಅಕ್ಕಾ, ಪೌಡರೇ ಅಂದ್ಕೋ. ಸೋಪು ಹಚ್ಚಿ ಇನ್ನೊಂದ್ಸಲ ಸ್ನಾನ ಮಾಡೋಕೆ ಹೇಳು. ಮಾವಂಗಂತೂ ಇನ್ನು ಬುಡ ಕೊಳೆಯಲ್ಲ ಬಿಡು!”